ಪ್ಲಗ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಗೋಡೆಯ ಸಾಕೆಟ್‌ಗೂ ಉಪಕರಣದ ಪ್ಲಗ್‌ಗೂ ನಡುವೆ ಸಿಕ್ಕಿಸುವ ಪುಟ್ಟ ವ್ಯಾಟ್ ಮೀಟರ್ ಈಗ ಆನ್‌ಲೈನಿನಲ್ಲಿ ಸುಲಭವಾಗಿ ದೊರೆಯುತ್ತದೆ. ನಾನು ಬಳಸುತ್ತಿರುವುದು 16 ಆಂಪಿಯರ್ ಮಾದರಿ. ವೋಲ್ಟೇಜ್, ಆಂಪಿಯರ್, ವ್ಯಾಟ್, ಪವರ್ ಫ್ಯಾಕ್ಟರ್ (ವೋಲ್ಟ್ ಮತ್ತು ಆಂಪಿಯರಿನ ಗುಣಲಬ್ಧದಲ್ಲಿ ನಿಜವಾದ ವ್ಯಾಟಿನ ಪಾಲು ಎಷ್ಟೆಂಬ ಅಂಕಿ) ಹಾಗೂ ಖರ್ಚಾದ ಯೂನಿಟ್‌ಗಳನ್ನು ಇದು ಪ್ರತ್ಯೇಕವಾಗಿ ತೋರಿಸುತ್ತದೆ. ನಮ್ಮ ಬಿಲ್ಲನ್ನು ನಿರ್ಧರಿಸುವುದು ವ್ಯಾಟ್ ಮತ್ತು ಬಳಸಿದ ಸಮಯ, ವೈರು ಬಿಸಿಯಾಗುವುದು ಆಂಪಿಯರಿನಿಂದ ಎಂಬ ವ್ಯತ್ಯಾಸವನ್ನು ಇಷ್ಟು ಸ್ಪಷ್ಟವಾಗಿ ತಿಳಿಸುವ ಬೇರೆ ಅಗ್ಗದ ಸಾಧನವನ್ನು ನಾನು ಕಂಡಿಲ್ಲ.

ಇದರ ನಿಜವಾದ ಪ್ರಯೋಜನ ತಿಳಿದದ್ದು ಗೀಸರಿಗೆ ಜೋಡಿಸಿದಾಗ. ಸ್ವಿಚ್ ಹಾಕುವ ಮೊದಲು 231 ಇದ್ದ ವೋಲ್ಟೇಜ್, ಹಾಕಿದ ಕೂಡಲೇ 226ಕ್ಕೆ ಇಳಿಯಿತು, ಕರೆಂಟ್ 8.5 ಆಂಪಿಯರ್, ಶಕ್ತಿ ಸುಮಾರು 1930 ವ್ಯಾಟ್. ಗೀಸರಿನ ಮೇಲೆ ಬರೆದಿರುವ 2000 ವ್ಯಾಟ್ ಎಂಬುದು 230 ವೋಲ್ಟಿಗೆ ಹೇಳಿದ ಲೆಕ್ಕವಾದ್ದರಿಂದ ಈ ವ್ಯತ್ಯಾಸ ಸಹಜವಾದದ್ದು. ಕಾಯಿಸುವ ಕಾಯಿಲ್‌ನ ರೋಧ ಹೆಚ್ಚುಕಡಿಮೆ ಬದಲಾಗದೆ ಇರುವುದರಿಂದ ವೋಲ್ಟೇಜ್ ಕುಸಿದಾಗ ಕರೆಂಟೂ ಕುಸಿಯುತ್ತದೆ, ಎರಡರ ಗುಣಲಬ್ಧವಾದ ವ್ಯಾಟ್ ಇನ್ನೂ ಬೇಗ ಕುಸಿಯುತ್ತದೆ. 200 ವೋಲ್ಟಿಗೆ ಇದೇ ಗೀಸರ್ ಸುಮಾರು 1500 ವ್ಯಾಟ್ ಮಾತ್ರ ಕೊಡುತ್ತದೆ. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದಾಗ ನೀರು ತಡವಾಗಿ ಕಾಯುವುದಕ್ಕೆ ಗೀಸರನ್ನು ದೂರುವ ಮೊದಲು ಈ ಅಂಕಿಯನ್ನು ನೋಡುವುದು ಒಳ್ಳೆಯದು.

ಇಳಿದ ಆ 5 ವೋಲ್ಟುಗಳನ್ನೂ ಕಡೆಗಣಿಸುವಂತಿಲ್ಲ. 5 ವೋಲ್ಟನ್ನು 8.5 ಆಂಪಿಯರಿನಿಂದ ಗುಣಿಸಿದರೆ ಸುಮಾರು 43 ವ್ಯಾಟ್. ಅಷ್ಟು ಶಕ್ತಿ ಗೀಸರನ್ನು ತಲುಪದೆ ವೈರು ಮತ್ತು ಜೋಡಣೆಗಳಲ್ಲಿ ಶಾಖವಾಗಿ ಹೋಗುತ್ತಿದೆ. ಯಾವುದೋ ಒಂದು ಸಾಕೆಟ್ಟಿನಲ್ಲಿ ಮಾತ್ರ ಈ ಇಳಿತ ಉಳಿದವುಗಳಿಗಿಂತ ಹೆಚ್ಚಾಗಿದ್ದರೆ ಒಳಗಿನ ಸ್ಕ್ರೂ ಸಡಿಲವಾಗಿರಬಹುದೆಂದು ತಿಳಿದು ಎಲೆಕ್ಟ್ರಿಷಿಯನ್‌ರನ್ನು ಕರೆಸಬೇಕು. 6 ಆಂಪಿಯರಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಇಂಡಕ್ಷನ್ ಒಲೆ ಸಿಕ್ಕಿಸುವ ಅಭ್ಯಾಸವಿರುವ ಮನೆಗಳಲ್ಲಂತೂ ಆಂಪಿಯರ್ ಅಂಕಿಯನ್ನು ಒಮ್ಮೆ ಕಣ್ಣಾರೆ ನೋಡಲೇಬೇಕು.

ಫ್ರಿಜ್ಜಿಗೆ ಜೋಡಿಸಿದಾಗ ಲೆಕ್ಕ ಬೇರೆಯೇ ಬರುತ್ತದೆ. 230 ವೋಲ್ಟ್, 0.8 ಆಂಪಿಯರ್ ಎಂದರೆ ಗುಣಲಬ್ಧ 184 ಆಗಬೇಕು, ಆದರೆ ಮೀಟರ್ ತೋರಿಸುವುದು 120 ವ್ಯಾಟ್. ಕಂಪ್ರೆಸರಿನ ಮೋಟಾರಿನಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುವುದರಿಂದ ಪವರ್ ಫ್ಯಾಕ್ಟರ್ 0.65ಕ್ಕೆ ಇಳಿದಿರುತ್ತದೆ, ಮನೆಯ ಮೀಟರ್ ಯೂನಿಟ್ ಎಣಿಸುವುದು ಆ 120ರ ಮೇಲೆಯೇ. ಸದಾ ಆನ್ ಇರುವ ಸೆಟ್‌ಟಾಪ್ ಬಾಕ್ಸ್ 10 ವ್ಯಾಟ್ ಎಳೆದರೂ ತಿಂಗಳಿಗೆ 7 ಯೂನಿಟ್ ದಾಟುತ್ತದೆ. ಗೃಹಜ್ಯೋತಿಯ ಮಿತಿಯೊಳಗೆ ಇರಬೇಕೆನ್ನುವವರಿಗೆ ಇಂತಹ ಲೆಕ್ಕ ಬಹಳ ಮುಖ್ಯ.

ಕೊರತೆಗಳೂ ಇವೆ. ಒಂದೆರಡು ವ್ಯಾಟ್‌ನ ಚಾರ್ಜರುಗಳನ್ನು ಅಳೆಯುವಾಗ ಅಂಕಿ ನಂಬುವಂತಿಲ್ಲ, ಪರದೆಗೆ ಹಿಂಬದಿಯ ಬೆಳಕಿಲ್ಲದ್ದರಿಂದ ಕತ್ತಲೆಯ ಮೂಲೆಯಲ್ಲಿ ಟಾರ್ಚ್ ಹಿಡಿದು ಓದಬೇಕು, ದೇಹ ದಪ್ಪವಾಗಿರುವುದರಿಂದ ಪಕ್ಕದ ಸಾಕೆಟ್ ಮುಚ್ಚಿಹೋಗುತ್ತದೆ. ನೇರವಾಗಿ ವೈರಿಂಗ್ ಮಾಡಿದ ಎಸಿಗೂ ಮೂರು ಫೇಸಿನ ಪಂಪ್‌ಸೆಟ್ಟಿಗೂ ಇದು ಉಪಯೋಗಕ್ಕೆ ಬಾರದು. 10 ಆಂಪಿಯರಿನ ಮಾದರಿ ಕಡಿಮೆ ಬೆಲೆಗೆ ಸಿಗುತ್ತದೆಯಾದರೂ, 3000 ವ್ಯಾಟಿನ ಗೀಸರ್ ಸುಮಾರು 13 ಆಂಪಿಯರ್ ಎಳೆಯುವುದರಿಂದ ಸ್ವಲ್ಪ ಹೆಚ್ಚು ಹಣ ಕೊಟ್ಟು 16 ಆಂಪಿಯರಿನದನ್ನೇ ಕೊಳ್ಳಬೇಕೆಂಬುದು ನನ್ನ ಸಲಹೆ.