ಎರೆಮಣ್ಣಿನ ಹುಲ್ಲುಹಾಸಿಗೆ ಅಮೋನಿಯಂ ಸಲ್ಫೇಟ್: ಮೂರು ವರ್ಷ ಹಾಕಿ ಕಂಡದ್ದು

ಹುಬ್ಬಳ್ಳಿಯ ಹೊರವಲಯದ ನಮ್ಮ ಮನೆಯ ಮುಂದೆ 600 ಚದರ ಅಡಿ ಹುಲ್ಲುಹಾಸಿದೆ. ನೆಲ ಅಪ್ಪಟ ಎರೆಮಣ್ಣು. ಮಳೆಗಾಲದಲ್ಲಿ ಅಂಗಳದ ಅಂಚಿನಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಯಡಿ ಅಂಗುಲ ದಪ್ಪ ಮಣ್ಣು ಮೆತ್ತಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಒಂದು ವಾರ ನೀರು ತಪ್ಪಿದರೆ ಮಗನ ಅಳತೆಪಟ್ಟಿ ಅರ್ಧದವರೆಗೆ ಇಳಿಯುವಷ್ಟು ಬಿರುಕು ಬಿಡುತ್ತದೆ. ಹಾಸಿರುವುದು ನರ್ಸರಿಯವರು ಬರ್ಮುಡಾ ಎನ್ನುವ ಹುಲ್ಲು, ಅಂದರೆ ನಮ್ಮ ಗರಿಕೆಯ ಬಳಗ. ಸಂಕಷ್ಟಿಯ ದಿನ ಓಣಿಯ ಐದಾರು ಮನೆಯವರು ಗಣಪತಿಗೆಂದು ಇಲ್ಲಿಂದಲೇ ಗರಿಕೆ ಕೊಯ್ದುಕೊಂಡು ಹೋಗುತ್ತಾರೆ. ಹಾಗಾಗಿ ಈ ಹುಲ್ಲಿಗೆ ಏನು ಹಾಕುತ್ತೇವೆ, ಯಾವಾಗ ಹಾಕುತ್ತೇವೆ ಎಂಬುದರಲ್ಲಿ ನನಗೆ ತುಂಬ ಕಾಳಜಿ.

ಮೊದಲ ಎರಡು ವರ್ಷ ಯೂರಿಯಾ ಹಾಕಿದೆವು. ಹುಲ್ಲು ಹಾಸಿಕೊಟ್ಟವರೇ ಮುಷ್ಟಿ ತುಂಬ ಎರಚಿ ಹೋಗುತ್ತಿದ್ದರು. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ವಾರದೊಳಗೆ ಹುಲ್ಲು ಕಡುಹಸಿರಾಗಿ ಎದ್ದು, ಮೂರು ದಿನಕ್ಕೊಮ್ಮೆ ಕತ್ತರಿಸಬೇಕಾಗುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಹಳದಿ. ಗೊಬ್ಬರ ಗುಂಪಾಗಿ ಬಿದ್ದಲ್ಲಿ ಅಂಗೈ ಅಗಲದ ಸುಟ್ಟ ಕಲೆಗಳು. ಹಳದಿಯಾಗಿದೆ ಎಂದಾಗಲೆಲ್ಲ ಇನ್ನಷ್ಟು ಯೂರಿಯಾ ಬಿತ್ತು. ಕೊನೆಗೆ, ಮಣ್ಣು ಸಡಿಲವಾಗುತ್ತದೆ ಎಂದು ಎರಡು ಚೀಲ ಜಿಪ್ಸಮ್ ಕೂಡ ಹಾಕಿಸಿದರು. ಕಿಂಚಿತ್ತೂ ಸಡಿಲವಾಗಲಿಲ್ಲ.

ಆಮೇಲೆ, ಮೊದಲೇ ಮಾಡಬೇಕಿದ್ದ ಮಣ್ಣು ಪರೀಕ್ಷೆ ಮಾಡಿಸಿದೆ. ರಸಸಾರ (pH) 8.3, ಅಂದರೆ ಕ್ಷಾರದ ನೆಲ, ಸುಣ್ಣದ ಅಂಶ ಹೇರಳ, ಪೊಟ್ಯಾಷ್ ಬೇಕಾದಷ್ಟು, ಸಾವಯವ ಇಂಗಾಲ ಕಡಿಮೆ. ಸೋಡಿಯಂ ಸಮಸ್ಯೆ ಇರಲಿಲ್ಲ. ಜಿಪ್ಸಮ್ ನೆರವಾಗುವುದು ಸೋಡಿಯಂ ಹೆಚ್ಚಾಗಿ ಕೆಟ್ಟ ಮಣ್ಣಿಗೆ; ಸುಣ್ಣ ತುಂಬಿದ ನಮ್ಮ ನೆಲಕ್ಕೆ ಅದು ಬೇಕಿರಲಿಲ್ಲ. ಇನ್ನು ಹಳದಿಯ ಮೂಲ. ಕುಕ್ಕರುಗಾಲಿನಲ್ಲಿ ಕುಳಿತು ಒಂದೆರಡು ಎಸಳು ಕಿತ್ತು ಬೆಳಕಿಗೆ ಹಿಡಿದು ನೋಡಿದೆ. ಕೆಳಗಿನ ಹಳೆಯ ಎಲೆ ಹಸಿರಾಗಿಯೇ ಇತ್ತು. ತುದಿಯ ಎಳೆ ಎಲೆಯಲ್ಲಿ ಮಾತ್ರ ನರಗಳು ಹಸಿರು, ನಡುವೆಲ್ಲ ಹಳದಿ ಗೆರೆ. ಸಾರಜನಕ ಕಡಿಮೆಯಾದರೆ ಮೊದಲು ಬಿಳಚುವುದು ಹಳೆಯ ಎಲೆ. ಕಬ್ಬಿಣ ಸಿಗದಿದ್ದರೆ ಎಳೆಯದು. ಎರೆಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಆದರೆ ಇಷ್ಟು ಕ್ಷಾರದಲ್ಲಿ ಬೇರಿಗೆ ದಕ್ಕುವುದಿಲ್ಲ. ಎರಡು ವರ್ಷ ನಾವು ಇಲ್ಲದ ಹಸಿವಿಗೆ ಉಣಬಡಿಸಿದ್ದೆವು.

ಆಗ ಅಮೋನಿಯಂ ಸಲ್ಫೇಟ್‌ಗೆ ಬದಲಾಯಿಸಿದೆ. ಹಳೆಯ ಗೊಬ್ಬರವೇ ಇದು. ಕೇರಳದ ಉದ್ಯೋಗಮಂಡಲದ ಫ್ಯಾಕ್ಟ್ ಕಾರ್ಖಾನೆ 1947ರಲ್ಲೇ ಇದರ ತಯಾರಿಕೆ ಆರಂಭಿಸಿತ್ತು. ನೋಡಲು ಸಕ್ಕರೆಯ ಹರಳಿನಂತೆ. ಸಾರಜನಕ ಸುಮಾರು 20.6 ಭಾಗ, ಜೊತೆಗೆ ಸುಮಾರು 23 ಭಾಗ ಗಂಧಕ. ಇದರ ಅಮೋನಿಯಂ ಕಣಗಳನ್ನು ಜೇಡಿ ಹಿಡಿದಿಟ್ಟುಕೊಳ್ಳುತ್ತದೆ. ಬೇರು ಅದನ್ನು ಹೀರಿಕೊಳ್ಳುವಾಗ ಬೇರಿನ ಸುತ್ತ ಸ್ವಲ್ಪ ಹುಳಿಯಾಗುತ್ತದೆ, ಅಷ್ಟರಮಟ್ಟಿಗೆ ಕಬ್ಬಿಣವೂ ಸಿಗುತ್ತದೆ. ಇಡೀ ನೆಲದ ಕ್ಷಾರ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೂರು ವರ್ಷದ ನಂತರ ಮತ್ತೆ ಪರೀಕ್ಷೆ ಮಾಡಿಸಿದಾಗ ರಸಸಾರ 8.2 ಬಂತು. ಅಷ್ಟು ಸುಣ್ಣದ ಮುಂದೆ ನಾವು ಹಾಕುವ ನಾಲ್ಕು ಹಿಡಿ ಗೊಬ್ಬರ ಲೆಕ್ಕಕ್ಕೇ ಬರುವುದಿಲ್ಲ.

ಪ್ರಮಾಣ ಹೇಳಿಬಿಡುತ್ತೇನೆ: 100 ಚದರ ಅಡಿಗೆ 110 ಗ್ರಾಂ, ನಮ್ಮ ಜಾಗಕ್ಕೆ ಒಂದು ಸಲಕ್ಕೆ 660 ಗ್ರಾಂ ಆಸುಪಾಸು. ಮಾರ್ಚ್ ಆರಂಭ, ಏಪ್ರಿಲ್ ಕೊನೆ, ಜೂನ್‌ನ ಮೊದಲ ಮಳೆಯ ನಂತರ, ಸೆಪ್ಟೆಂಬರ್, ಅಕ್ಟೋಬರ್ ಆರಂಭ ಎಂದು ವರ್ಷಕ್ಕೆ ಐದು ಸಲ. ಚಳಿಗೆ ಗರಿಕೆಯ ಬೆಳವಣಿಗೆ ನಿಧಾನವಾಗುವುದರಿಂದ ನವೆಂಬರ್‌ನಿಂದ ಫೆಬ್ರವರಿವರೆಗೆ ಏನೂ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ನೀರು ನಿಂತಿರುವಾಗಲೂ ಹಾಕುವುದಿಲ್ಲ. ಗಾಳಿಯಾಡದ ಹಸಿಮಣ್ಣಿನಲ್ಲಿ ಸಾರಜನಕ ಅನಿಲವಾಗಿ ಹೊರಟುಹೋಗುತ್ತದೆ. ಚೌತಿಯ ಹಿಂದಿನ ಎರಡು ವಾರ ಗೊಬ್ಬರದ ಡಬ್ಬಿ ಮುಟ್ಟುವುದಿಲ್ಲ, ಆ ಕಾರಣ ಬೇರೆ.

ಹಾಕುವ ಕ್ರಮ ತಪ್ಪಿದರೆ ಇದೂ ಯೂರಿಯಾದಷ್ಟೇ ದಂಡ. ಒಮ್ಮೆ ಮಧ್ಯಾಹ್ನ ಎರಚಿ ಮುಗಿಸಿದಾಗ ಕರೆಂಟ್ ಹೋಗಿ ಪಂಪು ನಿಂತಿತು. ಸಂಜೆ ಅಂಗಳಕ್ಕೆ ಇಳಿದರೆ ಮೂಗಿಗೆ ಚುರ್ ಎನ್ನುವ ಘಾಟು. ಸುಣ್ಣದ ನೆಲದ ಮೇಲೆ ಹಾಗೇ ಬಿಟ್ಟರೆ ಇದರ ಸಾರಜನಕವೂ ಅಮೋನಿಯಾ ಆಗಿ ಹಾರುತ್ತದೆ. ಅಂದಿನಿಂದ ತೊಟ್ಟಿ ತುಂಬಿರುವುದನ್ನು ನೋಡಿಕೊಂಡೇ ಡಬ್ಬಿ ತೆರೆಯುತ್ತೇನೆ. ಎಲೆ ಒಣಗಿರುವಾಗ, ಅರ್ಧ ಭಾಗವನ್ನು ಉದ್ದಕ್ಕೆ, ಇನ್ನರ್ಧವನ್ನು ಅಡ್ಡಕ್ಕೆ ಎರಚಿ ಕೂಡಲೇ ಚೆನ್ನಾಗಿ ನೀರು ಹಾಯಿಸುತ್ತೇನೆ. ಅತ್ತೆ ಮೊದಲು ಒಲೆಯ ಬೂದಿಯನ್ನು ಹುಲ್ಲಿಗೇ ಚೆಲ್ಲುತ್ತಿದ್ದರು. ಬೂದಿಯೂ ಕ್ಷಾರವೇ, ಈ ಗೊಬ್ಬರಕ್ಕೆ ಕೂಡಿದರೆ ಘಾಟು ಮೇಲೇಳುತ್ತದೆ ಎಂದು ತೋರಿಸಿದ ಮೇಲೆ ಅವರೇ ಅದನ್ನು ಪಾತ್ರೆ ತಿಕ್ಕಲು ಎತ್ತಿಡುತ್ತಾರೆ.

ಬಿರುಕುಗಳದು ಇನ್ನೊಂದು ಕಥೆ. ಬಿರುಕು ಬಾಯಿ ತೆರೆದಿರುವಾಗ ಗೊಬ್ಬರ ಎರಚಿದರೆ ಅರ್ಧ ಒಳಗೆ ಬಿದ್ದು ಅಲ್ಲಿನ ಬೇರು ಸುಡುತ್ತದೆ. ಹಾಗಾಗಿ ಮೊದಲು ಬಿರುಕಿಗೆ ಜರಡಿ ಹಿಡಿದ ಎರೆಹುಳು ಗೊಬ್ಬರವನ್ನು ಕಸಬರಿಗೆಯಿಂದ ಗುಡಿಸಿ ತುಂಬುತ್ತೇನೆ. ನೀರು ಕೊಟ್ಟಂತೆ ನೆಲ ಉಬ್ಬಿ ಬಿರುಕು ಮುಚ್ಚಿಕೊಂಡು ಅದನ್ನು ನುಂಗುತ್ತದೆ. ಗುದ್ದಲಿಯಿಲ್ಲದೆ ಒಂದು ಗೇಣು ಆಳಕ್ಕೆ ಸಾವಯವ ಗೊಬ್ಬರ ಇಳಿಸುವ ಇಂಥ ಅನುಕೂಲ ಬೇರೆ ಯಾವ ಮಣ್ಣಿನಲ್ಲಿ ಸಿಗುತ್ತದೆ! ಮಳೆ ಬಿಟ್ಟು ಮಣ್ಣು ಹದಕ್ಕೆ ಬಂದಾಗ, ಅಂದರೆ ಬೆರಳಿಗೆ ಅಂಟದೆ ಉಂಡೆ ಒಡೆಯುವಂತಿದ್ದಾಗ, ಮುಳ್ಳುಗುದ್ದಲಿ ಊರಿ ತೂತು ಮಾಡಿ ಅಲ್ಲಿಯೂ ಅದನ್ನೇ ತುಂಬುತ್ತೇನೆ. ಮರಳು ಬೆರೆಸಬೇಡಿ. ಎರೆಮಣ್ಣಿಗೆ ಸ್ವಲ್ಪ ಮರಳು ಸೇರಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮೂರು ವರ್ಷದಲ್ಲಿ ಬಂದ ಬದಲಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಈ ಕೆಲಸದ್ದೇ, ಚೀಲದ್ದಲ್ಲ.

ಅಮೋನಿಯಂ ಸಲ್ಫೇಟ್ ಒಂದರಿಂದಲೇ ಹಳದಿ ಪೂರ್ತಿ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಬೇಸಿಗೆಯಲ್ಲಿ ಎರಡು ಸಲ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಸಿಂಪಡಿಸುತ್ತೇನೆ: ಲೀಟರಿಗೆ 5 ಗ್ರಾಂ, ಜೊತೆಗೆ ಒಂದು ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಸಂಜೆಯ ಹೊತ್ತು. ನೆಲಕ್ಕೆ ಸುರಿದರೆ ಸುಣ್ಣ ಅದನ್ನು ಬೇಗ ಕಟ್ಟಿಹಾಕುತ್ತದೆ, ಎಲೆಗೇ ಕೊಡಬೇಕು. ಮೆಟ್ಟಿಲ ಬಳಿಯ ಫರಸಿಯ ಮೇಲೆ ಬಿದ್ದ ಹನಿಗಳ ತುಕ್ಕಿನ ಕಲೆ ಇಂದಿಗೂ ಹೋಗಿಲ್ಲ.

ಕೊರತೆಗಳಿವೆ. 50 ಕಿಲೋ ಚೀಲ ಒಂದು ಮನೆಗೆ ತೀರಾ ಹೆಚ್ಚು, ನಾಲ್ಕು ಮನೆಯವರು ಸೇರಿ ಹಂಚಿಕೊಂಡೆವು. ತೇವ ತಾಗಿದರೆ ಕಲ್ಲಾಗುತ್ತದೆ; ಮೊದಲ ಮಳೆಗಾಲದಲ್ಲಿ ಸುತ್ತಿಗೆಯಿಂದ ಒಡೆಯಬೇಕಾಯಿತು, ಈಗ ಬಿಗಿ ಮುಚ್ಚಳದ ಡ್ರಮ್ಮಿನಲ್ಲಿದೆ. ಯೂರಿಯಾದಂತೆ ವಾರದಲ್ಲಿ ಮೆರೆಯುವ ಹಸಿರು ಇದರಿಂದ ಬರುವುದಿಲ್ಲ. ಹತ್ತು ಹನ್ನೆರಡು ದಿನ ಬೇಕು, ಆದರೆ ಬಂದದ್ದು ನಿಲ್ಲುತ್ತದೆ, ಹುಲ್ಲು ವಾರಕ್ಕೊಮ್ಮೆ ಕತ್ತರಿಸಿದರೆ ಸಾಕು. ಕತ್ತರಿಸಿದ್ದನ್ನು ಅಲ್ಲೇ ಬಿಡುತ್ತೇನೆ, ಅದೂ ಗೊಬ್ಬರವೇ.

ನಮ್ಮ ಪಾಲಿನ ಹನ್ನೆರಡೂವರೆ ಕಿಲೋದಲ್ಲಿ ಇನ್ನು ಎರಡು ಕಿಲೋದಷ್ಟು ಉಳಿದಿದೆ. ಮುಗಿದ ಮೇಲೆ ಇದನ್ನೇ ತರುತ್ತೇನೆ. ಈ ಸಲ ಪಕ್ಕದ ಓಣಿಯವರೊಬ್ಬರು ತಮಗೂ ಒಂದು ಪಾಲು ಬೇಕೆಂದಿದ್ದಾರೆ. ಮೊದಲು ಅವರ ಅಂಗಳದ ಮಣ್ಣನ್ನು ಪರೀಕ್ಷೆಗೆ ಕಳುಹಿಸಿ ಎಂದಿದ್ದೇನೆ.