ರ‍್ಯಾಬಿಟ್‌ಎಂಕ್ಯೂ: ಗೇರುಬೀಜ ಕಾರ್ಖಾನೆಯಲ್ಲಿ ನಾಲ್ಕು ಮಳೆಗಾಲ ಓಡಿದ ಮೇಲೆ

ಲಾರಿ ವೇಬ್ರಿಜ್ (ಲಾರಿ ತೂಗುವ ತಕ್ಕಡಿ) ಮೇಲೆ ನಿಂತಿದೆ, ತೂಕ ಪರದೆಗೆ ಬಂದಿದೆ. ಕರೆಂಟು ಹೋಗಿ ಬಂದ ಮೇಲೆ ಕಚೇರಿಯಲ್ಲಿ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಇರುವ ಕಂಪ್ಯೂಟರ್ ಮಾತ್ರ ಇನ್ನೂ ಎದ್ದಿಲ್ಲ. ಎರಡೂ ತಂತ್ರಾಂಶಗಳನ್ನು ನೇರವಾಗಿ ಕಟ್ಟಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ: ಚೀಟಿಯನ್ನು ಕೈಯಲ್ಲಿ ಬರೆಯಬೇಕು, ಸಂಜೆ ಯಾರಾದರೂ ಮತ್ತೆ ಟೈಪ್ ಮಾಡಬೇಕು, ಅಂಕಿಯೊಂದು ತಪ್ಪಿದರೆ ತಿಂಗಳ ಕೊನೆಗೆ ಹುಡುಕಬೇಕು. ನಡುವೆ ರ‍್ಯಾಬಿಟ್‌ಎಂಕ್ಯೂ ಎಂಬ, ಸಂದೇಶಗಳನ್ನು ಪಡೆದು ಇಟ್ಟು ತಲುಪಿಸುವ ತಂತ್ರಾಂಶ (ಬ್ರೋಕರ್) ಇದ್ದರೆ ವೇಬ್ರಿಜ್ ತನ್ನ ಸಂದೇಶವನ್ನು ಕ್ಯೂಗೆ (ಸಂದೇಶಗಳ ಸರದಿಗೆ) ಹಾಕಿ ಮುಂದಿನ ಲಾರಿಯನ್ನು ತೆಗೆದುಕೊಳ್ಳುತ್ತದೆ, ಟ್ಯಾಲಿ ಎದ್ದಾಗ ತನ್ನ ಪಾಲನ್ನು ಎತ್ತಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು, ಇಂಟರ್ನೆಟ್ ಎರಡನ್ನೂ ನೆಚ್ಚಿಕೊಳ್ಳಲಾಗದ ಕರಾವಳಿಯಲ್ಲಿ ಈ ಒಂದು ಗುಣಕ್ಕಾಗಿಯೇ ಇಂಥ ನಡುವಿನ ತಂತ್ರಾಂಶ, ಅಂದರೆ ಮಿಡ್ಲ್‌ವೇರ್ ಹಾಕಿಸಬಹುದು.

ಇಲ್ಲಿ ಬರೆದಿರುವುದು ಬೈಕಂಪಾಡಿಯ ಸಂಸ್ಕರಣಾ ಘಟಕ ಮತ್ತು ಕಾರ್ಕಳ ಕಡೆಯ ಸುಲಿಯುವ ಶೆಡ್ ಸೇರಿದ ವ್ಯವಸ್ಥೆಯ ಬಗ್ಗೆ. ಜೋಡಣೆಯಾಗಿರುವುದು ವೇಬ್ರಿಜ್, ಗೋದಾಮಿನ ದಾಸ್ತಾನು, ಪ್ಯಾಕಿಂಗ್ ವಿಭಾಗ, ಟ್ಯಾಲಿ, ಜಿಎಸ್‌ಟಿ ಬಿಲ್ ನೋಂದಾಯಿಸುವ ಹೊರಗಿನ ಇ-ಇನ್‌ವಾಯ್ಸ್ ಪೋರ್ಟಲ್ ಮತ್ತು ಬ್ಯಾಂಕ್. ಈ ಆರನ್ನು ಒಂದಕ್ಕೊಂದು ನೇರ ಕಟ್ಟಲು ಹೊರಟರೆ 15 ಕೊಂಡಿಗಳವರೆಗೆ ಹೋಗುತ್ತದೆ. ದಾಸ್ತಾನು ತಂತ್ರಾಂಶ ಬದಲಾಯಿಸುವ ದಿನ ಐದು ಕಡೆ ಕೋಡ್ ಬಿಚ್ಚಬೇಕಾಗುತ್ತದೆ.

ಸ್ಥಾಪನೆ ಸುಲಭ. ಅದು ಓಡಲು ಬೇಕಾದ ಎರ್ಲಾಂಗ್ ಎಂಬ ಭಾಷೆಯ ತಂತ್ರಾಂಶ ಮೊದಲು, ಆಮೇಲೆ ರ‍್ಯಾಬಿಟ್‌ಎಂಕ್ಯೂ. ಯಾವ ಆವೃತ್ತಿಗೆ ಯಾವ ಎರ್ಲಾಂಗ್ ಹೊಂದುತ್ತದೆ ಎಂಬ ಪಟ್ಟಿಯನ್ನು ನೋಡದೆ ಹಾಕಬೇಡಿ. ತಂತ್ರಾಂಶಗಳು ಮಾತಾಡುವುದು 5672ನೇ ಪೋರ್ಟ್‌ನಲ್ಲಿ, ನಿರ್ವಹಣೆಯ ಪುಟ ತೆರೆಯುವುದು 15672ರಲ್ಲಿ. ಸ್ಥಾಪನೆಯೊಂದಿಗೇ ಬರುವ ಗೆಸ್ಟ್ ಎಂಬ ಖಾತೆ ಅದೇ ಯಂತ್ರದಿಂದ ಮಾತ್ರ ಒಳಗೆ ಬಿಡುತ್ತದೆ. ಬೇರೆ ಕಂಪ್ಯೂಟರ್‌ನಿಂದ ಲಾಗಿನ್ ಆಗುತ್ತಿಲ್ಲವೆಂದು ಪರದಾಡುವವರಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ.

ಕರೆಂಟು ಹೋದರೂ ಸಂದೇಶ ಉಳಿಯಬೇಕಾದರೆ ಮೂರು ಸೇರಬೇಕು. ಕ್ಯೂ ಡ್ಯೂರಬಲ್ (ಬ್ರೋಕರ್ ಮತ್ತೆ ಎದ್ದಾಗಲೂ ಉಳಿಯುವಂಥದ್ದು) ಆಗಿರಬೇಕು, ಸಂದೇಶ ಪರ್ಸಿಸ್ಟೆಂಟ್ (ಡಿಸ್ಕ್‌ಗೆ ಬರೆಯುವಂಥದ್ದು) ಆಗಿರಬೇಕು, ಕಳುಹಿಸುವವನು ಪಬ್ಲಿಷರ್ ಕನ್ಫರ್ಮ್ (ಸಂದೇಶ ಸೇರಿತು ಎಂಬ ಬ್ರೋಕರ್‌ನ ಖಾತ್ರಿ) ಬರುವವರೆಗೆ ಕಾಯಬೇಕು. ಮೊದಲೆರಡನ್ನು ಎಲ್ಲರೂ ಮಾಡುತ್ತಾರೆ. ಮೂರನೆಯದನ್ನು ಬಿಟ್ಟರೆ ಸಂದೇಶ ದಾರಿಯಲ್ಲೇ ಕಳೆದಿದ್ದರೂ ಕಳುಹಿಸಿದವನಿಗೆ ಗೊತ್ತಾಗುವುದಿಲ್ಲ. ವೇಬ್ರಿಜ್ ತಂತ್ರಾಂಶ ಕನ್ಫರ್ಮ್ ಬಂದ ಮೇಲಷ್ಟೇ ತನ್ನಲ್ಲಿನ ದಾಖಲೆಗೆ 'ಕಳುಹಿಸಿದೆ' ಎಂದು ಗುರುತು ಹಾಕಬೇಕು.

ಟ್ಯಾಲಿ ಕಡೆ ತಾಳ್ಮೆ ಬೇಕು. ಟ್ಯಾಲಿಯನ್ನು ಸರ್ವರ್ ಆಗಿ ಇಟ್ಟರೆ ಸಾಮಾನ್ಯವಾಗಿ 9000ನೇ ಪೋರ್ಟ್‌ನಲ್ಲಿ ಎಕ್ಸ್‌ಎಂಎಲ್ (ದತ್ತಾಂಶ ಬರೆಯುವ ಒಂದು ಪಠ್ಯರೂಪ) ತೆಗೆದುಕೊಳ್ಳುತ್ತದೆ, ಅದರಲ್ಲಿ ಕಂಪನಿಯ ಲೆಕ್ಕ ತೆರೆದಿರಬೇಕು. ವೋಚರ್ (ಲೆಕ್ಕದ ನಮೂದು) ತಿರಸ್ಕರಿಸಿದಾಗಲೂ ಅದು ಎಚ್‌ಟಿಟಿಪಿ 200, ಅಂದರೆ 'ಸರಿ' ಎಂದೇ ಉತ್ತರಿಸುತ್ತದೆ. ನಿಜವಾದ ಫಲಿತಾಂಶ ಉತ್ತರದ ಒಳಗಿನ 'ಕ್ರಿಯೇಟೆಡ್' ಮತ್ತು 'ಎರರ್ಸ್' ಎಂಬ ಎಣಿಕೆಗಳಲ್ಲಿದೆ. 200 ನೋಡಿ ಆಕ್ (ಕೆಲಸ ಮುಗಿಯಿತೆಂದು ಬ್ರೋಕರ್‌ಗೆ ಕೊಡುವ ಸೂಚನೆ) ಕೊಟ್ಟರೆ ಸಂದೇಶ ಕ್ಯೂನಿಂದ ಹೋಯಿತು, ಲೆಕ್ಕಕ್ಕೂ ಬರಲಿಲ್ಲ. ಹೊಸ ವೋಚರ್‌ಗೆ ಕ್ರಿಯೇಟೆಡ್ 1, ಎರರ್ಸ್ 0 ಇದ್ದಾಗ ಮಾತ್ರ ಆಕ್ ಕೊಡಿ. ಲೆಡ್ಜರ್ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆಯಾದರೂ ವೋಚರ್ ಕೂರುವುದಿಲ್ಲ. ಪಾರ್ಟಿ ಹೆಸರಿನಲ್ಲಿ ಆಂಪರ್‌ಸಾಂಡ್ ಚಿಹ್ನೆ ಇದ್ದು ಅದನ್ನು ಎಸ್ಕೇಪ್ ಮಾಡದಿದ್ದರೆ (ಸಂಕೇತವಾಗಿ ಬದಲಿಸಿ ಬರೆಯದಿದ್ದರೆ) ಎಕ್ಸ್‌ಎಂಎಲ್ ಮುರಿಯುತ್ತದೆ. 'ಆಂಡ್ ಸನ್ಸ್' ಹೆಸರಿನ ಅಂಗಡಿಗಳು ನಮ್ಮೂರಲ್ಲಿ ಕಡಿಮೆಯೇನಿಲ್ಲ. ಟ್ಯಾಲಿಯ ಗ್ರಾಹಕಕ್ಕೆ (ಕ್ಯೂನಿಂದ ಸಂದೇಶ ಎತ್ತಿಕೊಳ್ಳುವ ಪ್ರೋಗ್ರಾಂಗೆ) ಪ್ರಿಫೆಚ್ (ಒಮ್ಮೆಗೆ ಕೈಗೆತ್ತಿಕೊಳ್ಳುವ ಸಂದೇಶಗಳ ಮಿತಿ) 1 ಇಡಿ, ಗ್ರಾಹಕವೂ ಒಂದೇ ಇರಲಿ. ಎರಡು ಇಟ್ಟರೆ ಬಿಲ್ಲಿಗಿಂತ ಮೊದಲು ಅದರ ಕ್ರೆಡಿಟ್ ನೋಟ್ ಒಳಗೆ ಹೋಗಬಹುದು.

ಅತಿ ಹೆಚ್ಚು ಯೋಚನೆ ಬೇಡುವುದು ಇ-ಇನ್‌ವಾಯ್ಸ್. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇದು ಕಡ್ಡಾಯ. 10 ಕೋಟಿ ಮತ್ತು ಮೇಲ್ಪಟ್ಟವರು 2025ರ ಏಪ್ರಿಲ್ 1ರಿಂದ ಬಿಲ್ಲಿನ ದಿನಾಂಕದ 30 ದಿನದೊಳಗೆ ಪೋರ್ಟಲ್‌ಗೆ ಹಾಕಬೇಕು. ಹಾಗಾಗಿ ಕ್ಯೂನಲ್ಲಿ ಬಿಲ್ ಬಿದ್ದುಕೊಂಡಿರಲಿ, ಆಮೇಲೆ ನೋಡೋಣ ಎನ್ನುವಂತಿಲ್ಲ. ರ‍್ಯಾಬಿಟ್‌ಎಂಕ್ಯೂ ಕೊಡುವ ಭರವಸೆ 'ಕನಿಷ್ಠ ಒಮ್ಮೆ' ತಲುಪಿಸುತ್ತೇನೆ ಎಂಬುದು, 'ಒಮ್ಮೆ ಮಾತ್ರ' ಎಂಬುದಲ್ಲ. ಬಿಲ್ ಪೋರ್ಟಲ್‌ಗೆ ಹೋಗಿ ನೋಂದಣಿಯಾಯಿತು ಅನ್ನಿ. ಉತ್ತರ ಬರುವಷ್ಟರಲ್ಲಿ ಇಂಟರ್ನೆಟ್ ಕಡಿಯಿತು. ಗ್ರಾಹಕ ಆಕ್ ಕೊಡಲಿಲ್ಲ, ಸಂದೇಶ ಕ್ಯೂಗೆ ವಾಪಸ್, ಅದೇ ಬಿಲ್ ಮತ್ತೊಮ್ಮೆ ಪೋರ್ಟಲ್‌ಗೆ. ಈ ಸಲ ಬರುವುದು ದೋಷ ಸಂಖ್ಯೆ 2150, ಅಂದರೆ ಈ ಬಿಲ್ಲಿನ ಐಆರ್‌ಎನ್ (ಇನ್‌ವಾಯ್ಸ್ ನೋಂದಣಿ ಸಂಖ್ಯೆ) ಆಗಲೇ ಇದೆ. 64 ಅಕ್ಷರಗಳ ಐಆರ್‌ಎನ್ ಹುಟ್ಟುವುದು ಮಾರುವವರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ ಮತ್ತು ಸಂಖ್ಯೆಯಿಂದ. ಅದೇ ಬಿಲ್ಲಿಗೆ ಎಷ್ಟು ಸಲ ಕೇಳಿದರೂ ಅದೇ ಐಆರ್‌ಎನ್. ಆದ್ದರಿಂದ 2150 ಬಂದಾಗ ಅದನ್ನು ವೈಫಲ್ಯದ ಕ್ಯೂಗೆ ತಳ್ಳಬೇಡಿ. ತಡಮಾಡದೆ ಬಿಲ್ಲಿನ ವಿವರ ಕೊಟ್ಟು ಐಆರ್‌ಎನ್ ತರಿಸಿಕೊಳ್ಳಿ, ದಾಖಲಿಸಿ, ಆಕ್ ಕೊಡಿ. ದಿಗಿಲಿನಲ್ಲಿ ಬಿಲ್ ಸಂಖ್ಯೆ ಬದಲಿಸಿ ಮತ್ತೆ ಕಳುಹಿಸಿದರೆ ಒಂದೇ ಮಾರಾಟಕ್ಕೆ ಎರಡು ಐಆರ್‌ಎನ್ ಹುಟ್ಟುತ್ತವೆ. ಪೋರ್ಟಲ್‌ನಲ್ಲಿ ರದ್ದು ಮಾಡಲು ಸಿಗುವುದು 24 ಗಂಟೆ ಮಾತ್ರ.

ಬ್ಯಾಂಕಿಗೆ ಹೋಗುವ ಪಾವತಿಗೂ ಇದೇ ನಿಯಮ, ಅಲ್ಲಿ ಪರಿಣಾಮ ಇನ್ನೂ ಕೆಟ್ಟದು. ಪ್ರತಿ ಸಂದೇಶಕ್ಕೂ ಹುಟ್ಟುವಾಗಲೇ ಒಂದು ಗುರುತಿನ ಸಂಖ್ಯೆ ಕೊಡಿ, ಸ್ವೀಕರಿಸುವ ಕಡೆ ಮುಗಿದ ಸಂಖ್ಯೆಗಳ ಕೋಷ್ಟಕ ಇಟ್ಟುಕೊಳ್ಳಿ.

ಪೋರ್ಟಲ್ ಸ್ಪಂದಿಸದಿದ್ದಾಗ ನ್ಯಾಕ್ ಮಾಡಿ (ಕೆಲಸ ಆಗಲಿಲ್ಲವೆಂದು ಸೂಚಿಸಿ) ತಕ್ಷಣ ಮರಳಿ ಕ್ಯೂಗೆ ಹಾಕುವುದು ದೊಡ್ಡ ತಪ್ಪು. ಅದೇ ಸಂದೇಶ ಮರುಕ್ಷಣ ಮತ್ತೆ ಬರುತ್ತದೆ, ಸಿಪಿಯು ಉರಿಯುತ್ತದೆ, ಲಾಗ್ ಫೈಲ್ ಊದಿಕೊಳ್ಳುತ್ತದೆ. ಸರಿಯಾದ ಕ್ರಮ ಎಂದರೆ ಕಾಯುವ ಕ್ಯೂಗಳು: 1 ನಿಮಿಷಕ್ಕೊಂದು, 10 ನಿಮಿಷಕ್ಕೊಂದು, 1 ಗಂಟೆಗೊಂದು. ಪ್ರತಿಯೊಂದಕ್ಕೂ ಟಿಟಿಎಲ್ (ಸಂದೇಶ ಕ್ಯೂನಲ್ಲಿ ಇರಬಹುದಾದ ಅವಧಿ) ಇಟ್ಟು, ಅವಧಿ ಮುಗಿದ ಸಂದೇಶ ಡೆಡ್ ಲೆಟರ್ ಎಕ್ಸ್‌ಚೇಂಜ್ (ಹೊರಬಿದ್ದ ಸಂದೇಶಗಳನ್ನು ಬೇರೆ ಕ್ಯೂಗೆ ದಾಟಿಸುವ ಏರ್ಪಾಡು) ಮೂಲಕ ಮೂಲ ಕ್ಯೂಗೆ ಮರಳುವಂತೆ ಮಾಡಬೇಕು. ಒಂದೇ ಕ್ಯೂನಲ್ಲಿ ಸಂದೇಶಕ್ಕೊಂದು ಟಿಟಿಎಲ್ ಕೊಟ್ಟರೆ ಆಗದೇ? ಆಗದು. ಅವಧಿ ಮುಗಿದ ಸಂದೇಶ ಹೊರಬೀಳುವುದು ಸರದಿಯ ತಲೆಗೆ ಬಂದಾಗ ಮಾತ್ರ. ಮುಂದೆ 1 ಗಂಟೆಯ ಸಂದೇಶ ಕೂತಿದ್ದರೆ ಹಿಂದಿನ 1 ನಿಮಿಷದ್ದೂ ಗಂಟೆ ಕಾಯುತ್ತದೆ.

ಮಿಡ್ಲ್‌ವೇರ್ ಅಳತೆಯ ಜಗಳ ಬಿಡಿಸುವುದಿಲ್ಲ ಎಂಬುದನ್ನೂ ಹೇಳಬೇಕು. ತಿರುಳು ಪ್ಯಾಕ್ ಆಗುವುದು 11.34 ಕಿಲೋ ತವರದ ಡಬ್ಬಿಗಳಲ್ಲಿ, ಅಂದರೆ 25 ಪೌಂಡ್. ರಟ್ಟಿನ ಪೆಟ್ಟಿಗೆಗೆ ಎರಡು ಡಬ್ಬಿ. ಪ್ಯಾಕಿಂಗ್ ತಂತ್ರಾಂಶ ಡಬ್ಬಿ ಎಣಿಸುತ್ತದೆ, ಟ್ಯಾಲಿ ಕಿಲೋ ಕೇಳುತ್ತದೆ. 700 ಪೆಟ್ಟಿಗೆಗಳ ಕಂಟೇನರ್‌ನಲ್ಲಿ 1,400 ಡಬ್ಬಿ, 15,876 ಕಿಲೋ. ನಡುವಿನ ಪರಿವರ್ತನೆಯಲ್ಲಿ ಯಾರಾದರೂ 11.3 ಎಂದು ಇಟ್ಟರೆ 15,820 ಆಗುತ್ತದೆ. 56 ಕಿಲೋ ಡಬ್ಲ್ಯೂ320 ದರ್ಜೆಯ ಗೋಡಂಬಿ ಕಾಗದದ ಮೇಲೆ ಮಾಯ. ಸಂದೇಶದಲ್ಲಿ ಡಬ್ಬಿಯ ಸಂಖ್ಯೆ, ಡಬ್ಬಿಯ ತೂಕ, ಏಕಮಾನ ಮೂರನ್ನೂ ಬೇರೆ ಬೇರೆ ಕಳುಹಿಸಿ, ಗುಣಾಕಾರ ಒಂದೇ ಕಡೆ ಆಗಲಿ.

ಕಾರ್ಕಳದ ಶೆಡ್ ಅನ್ನು ಬೈಕಂಪಾಡಿಯೊಂದಿಗೆ ಒಂದೇ ಕ್ಲಸ್ಟರ್ (ಹಲವು ಯಂತ್ರಗಳು ಸೇರಿ ಒಂದೇ ಬ್ರೋಕರ್‌ನಂತೆ ನಡೆಯುವ ಗುಂಪು) ಮಾಡಬೇಡಿ. ಕ್ಲಸ್ಟರ್ ಕಟ್ಟುವುದು ಒಂದೇ ಜಾಲದೊಳಗಿನ ಯಂತ್ರಗಳಿಗೆ. ಎರಡು ಕಡೆ ಬೇರೆ ಬೇರೆ ಬ್ರೋಕರ್ ಇಟ್ಟು ಶವೆಲ್ ಪ್ಲಗಿನ್ (ಒಂದು ಬ್ರೋಕರ್‌ನಿಂದ ಇನ್ನೊಂದಕ್ಕೆ ಸಂದೇಶ ಸಾಗಿಸುವ ಜೋಡಣೆ) ಹಾಕಿದರೆ, ಕೇಬಲ್ ತುಂಡಾದಾಗ ಸಂದೇಶ ಶೆಡ್‌ನಲ್ಲೇ ನಿಲ್ಲುತ್ತದೆ, ಸಂಪರ್ಕ ಬಂದಾಗ ತಾನಾಗಿ ಹರಿಯುತ್ತದೆ. ಈ ಉತ್ಪನ್ನದಲ್ಲಿ ಮನಸಾರೆ ಮೆಚ್ಚುವ ಭಾಗ ಇದು.

ಮೊದಲ ವಾರದಲ್ಲೇ ಬದಲಿಸಬೇಕಾದದ್ದು ಡಿಸ್ಕ್ ಮಿತಿ, ಅಂದರೆ ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಾಗ ಎಚ್ಚರಿಸಬೇಕು ಎಂಬುದು. ಅದು ಬರುವುದೇ 50 ಎಂಬಿಗೆ, ಅಷ್ಟಕ್ಕೆ ಎಚ್ಚರಿಸಿ ಪ್ರಯೋಜನವಿಲ್ಲ. ಕನಿಷ್ಠ ರ‍್ಯಾಮ್‌ನಷ್ಟಾದರೂ ಇಡಿ. ಮಿತಿ ಮುಟ್ಟಿದಾಗ ಬ್ರೋಕರ್ ಸಾಯುವುದಿಲ್ಲ, ಕಳುಹಿಸುವವರನ್ನು ತಡೆಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ವೇಬ್ರಿಜ್ ಹೆಪ್ಪುಗಟ್ಟಿದಂತೆ ಕಾಣುತ್ತದೆ, ಕಾರಣ ಮಾತ್ರ ಸರ್ವರ್ ಕೋಣೆಯಲ್ಲಿರುತ್ತದೆ. ಇನ್ನೊಂದು, 30 ನಿಮಿಷದೊಳಗೆ ಆಕ್ ಬರದಿದ್ದರೆ ಚಾನೆಲ್ (ಗ್ರಾಹಕಕ್ಕೂ ಬ್ರೋಕರ್‌ಗೂ ನಡುವಿನ ಸಂಪರ್ಕ) ಮುಚ್ಚಿಹೋಗುತ್ತದೆ. ದಿನದ ಕೊನೆಯ ದೊಡ್ಡ ಲೆಕ್ಕಾಚಾರವನ್ನು ಒಂದೇ ಸಂದೇಶವಾಗಿ ಕೊಟ್ಟವರಿಗೆ ಇದು ತಟ್ಟುತ್ತದೆ. ಕೆಲಸವನ್ನು ತುಂಡು ಮಾಡಿ ಕೊಡುವುದೇ ದಾರಿ.

ಪರವಾನಗಿಗೆ ಖರ್ಚಿಲ್ಲ, ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್ 2.0. ಖರ್ಚು ಇರುವುದು ಮೇಲ್ದರ್ಜೆಗೇರಿಸುವಲ್ಲಿ. 2024ರಲ್ಲಿ ಬಂದ 4.0 ಆವೃತ್ತಿಯಲ್ಲಿ ಹಲವು ಯಂತ್ರಗಳಲ್ಲಿ ಪ್ರತಿ ಇಡುತ್ತಿದ್ದ ಹಳೆಯ ಮಿರರ್ ಕ್ಯೂಗಳನ್ನು ತೆಗೆದುಹಾಕಿದ್ದಾರೆ, ಪ್ರತಿಕೃತಿ ಬೇಕಾದವರು ಕ್ವೋರಂ ಕ್ಯೂ ಎಂಬ ಹೊಸ ಬಗೆಗೆ ಹೋಗಬೇಕು, ಅದಕ್ಕೆ ಮೂರು ನೋಡ್ (ಬ್ರೋಕರ್ ಓಡುವ ಯಂತ್ರ) ಬೇಕು. ಮೊದಲು 3.13ಕ್ಕೆ ಬಂದು, ಸ್ಥಿರ ಫೀಚರ್ ಫ್ಲ್ಯಾಗ್‌ಗಳನ್ನೆಲ್ಲ (ಹೊಸ ಸೌಲಭ್ಯಗಳ ಸ್ವಿಚ್‌ಗಳನ್ನು) ಆನ್ ಮಾಡಿ, ಆಮೇಲೆ 4.0. ಕ್ಯೂನ ಬಗೆಯನ್ನು ಇದ್ದಲ್ಲೇ ಬದಲಿಸಲು ಆಗುವುದಿಲ್ಲ. ಹೊಸ ಹೆಸರಲ್ಲಿ ಕ್ಯೂ ಮಾಡಿ ಸಂದೇಶಗಳನ್ನು ದಾಟಿಸಬೇಕು. 4.0ರಿಂದ ಕ್ವೋರಂ ಕ್ಯೂನಲ್ಲಿ ಒಂದು ಸಂದೇಶದ ಮರುವಿತರಣೆಗೆ 20ರ ಮಿತಿ ತಾನಾಗಿ ಬರುತ್ತದೆ. ಡೆಡ್ ಲೆಟರ್ ಎಕ್ಸ್‌ಚೇಂಜ್ ಕಟ್ಟಿರದಿದ್ದರೆ ಮಿತಿ ದಾಟಿದ ಸಂದೇಶ ಅಳಿದುಹೋಗುತ್ತದೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಡಿ.

ಟ್ಯಾಲಿ ಒಂದೇ ಇದ್ದು ತಿಂಗಳಿಗೆ ಕೆಲವೇ ಬಿಲ್ ಮಾಡುವ ಅಂಗಡಿಗೆ ಇಷ್ಟೆಲ್ಲ ಬೇಡ. ಆರೆಂಟು ತಂತ್ರಾಂಶ, ಎರಡು ಜಾಗ, ಹೊರಗಿನ ಪೋರ್ಟಲ್ ಇರುವವರು, ಲಾಗ್ ಓದಬಲ್ಲ ಒಬ್ಬರು ಕಚೇರಿಯಲ್ಲಿದ್ದರೆ, ಧೈರ್ಯವಾಗಿ ಹಾಕಿಸಬಹುದು. 5ಕ್ಕೆ 4 ಅಂಕ. ಒಂದು ಕಡಿಮೆ ಮಾಡಿದ್ದು ಯಂತ್ರದ ಹೋಸ್ಟ್‌ನೇಮ್‌ಗೆ. ನೋಡ್‌ನ ದತ್ತಾಂಶ ಆ ಹೆಸರಿಗೇ ಅಂಟಿರುತ್ತದೆ. ಸರ್ವರ್‌ನ ಹೆಸರು ಬದಲಿಸಿ ಮತ್ತೆ ಚಾಲೂ ಮಾಡಿದರೆ ಕ್ಯೂಗಳೆಲ್ಲ ಖಾಲಿಯಾಗಿ ಕಾಣುತ್ತವೆ. ಗಾಬರಿಯಾಗಿ ಹೊಸದಾಗಿ ಕಟ್ಟಲು ಹೋಗಬೇಡಿ. ಹಳೆಯ ಹೆಸರು ವಾಪಸ್ ಇಟ್ಟರೆ ಡಿಸ್ಕ್‌ನಲ್ಲಿರುವುದೆಲ್ಲ ಮರಳಿ ಬರುತ್ತದೆ.