‘ಇಂಟರ್‌ಝೋನ್’: ಬೈಂಡಿಂಗ್ ಮೇಜಿನ ಮೇಲೆ ಒಂದು ಪತ್ರಿಕೆಯ ನಲವತ್ತು ವರ್ಷ

ಸಣ್ಣ ಪತ್ರಿಕೆಗಳು ಹೆಚ್ಚಾಗಿ ಸಂಪಾದಕರ ಆಯಸ್ಸನ್ನೇ ತಮ್ಮ ಆಯಸ್ಸಾಗಿಸಿಕೊಂಡಿರುತ್ತವೆ. ಅವರು ದಣಿದ ದಿನ ಪತ್ರಿಕೆಯೂ ನಿಲ್ಲುತ್ತದೆ. ಇಂಗ್ಲೆಂಡಿನ ವಿಜ್ಞಾನ ಕಥೆ, ಅದ್ಭುತ ಕಥೆಗಳ ಪತ್ರಿಕೆ ‘ಇಂಟರ್‌ಝೋನ್’ ಹಾಗೆ ನಿಲ್ಲಲಿಲ್ಲ. 1982ರ ವಸಂತದಲ್ಲಿ ಮೊದಲ ಸಂಚಿಕೆ ಬಂತು. ಅಂದಿನಿಂದ ಹಲವು ಕೈ ಬದಲಾಗಿದೆ, ಊರು ಬದಲಾಗಿದೆ, ಆಕಾರವೂ ಬದಲಾಗಿದೆ. ಸಂಚಿಕೆಯ ಕ್ರಮಸಂಖ್ಯೆ ಮಾತ್ರ ಒಮ್ಮೆಯೂ ಒಂದರಿಂದ ಮತ್ತೆ ಶುರುವಾಗಿಲ್ಲ. ಈ ಪತ್ರಿಕೆಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅಲ್ಲಿಂದಲೇ.

ಉಡುಪಿಯ ಕಲ್ಸಂಕದ ಹತ್ತಿರ ನಮ್ಮದೊಂದು ಬೈಂಡಿಂಗ್ ಅಂಗಡಿ. ವಕೀಲರ ಕಡತ, ಕಾಲೇಜು ಮಕ್ಕಳ ಪ್ರಾಜೆಕ್ಟ್, ದೇವಸ್ಥಾನದ ಲೆಕ್ಕದ ಪುಸ್ತಕ, ಹುಡಿಯಾಗುತ್ತಿರುವ ಹಳೆಯ ಯಕ್ಷಗಾನ ಪ್ರಸಂಗಗಳು ನಮ್ಮ ನಿತ್ಯದ ಕೆಲಸ. ಇಂಗ್ಲೆಂಡಿನಲ್ಲಿ ಬಹಳ ಕಾಲ ಇದ್ದು ಮಣಿಪಾಲಕ್ಕೆ ಮರಳಿದ ನಿವೃತ್ತ ಮಾಷ್ಟ್ರೊಬ್ಬರು ತಮ್ಮ ಸಂಗ್ರಹವನ್ನು ಪೆಟ್ಟಿಗೆಗಳಲ್ಲಿ ತಂದು ಮೇಜಿನ ಮೇಲಿಟ್ಟರು. “ವರ್ಷ ವರ್ಷ ಸೇರಿಸಿ ಕಟ್ಟಬೇಕು. ಅವಸರ ಇಲ್ಲ, ಓದಿಯೇ ಹೊಲಿ ಮಾರಾಯ್ತಿ” ಎಂದರು. “ಆಗಬಹುದು ಸರ್” ಎಂದೆ. ಅವರ ಮಾತನ್ನು ಅಕ್ಷರಶಃ ಪಾಲಿಸಿದ್ದೇನೆ. ಓದಿದ್ದೂ ಆಯಿತು, ಹೊಲಿದದ್ದೂ ಆಯಿತು. ಈ ಬರಹ ಆ ಎರಡೂ ಕೆಲಸದ ಫಲ.

ಮೊದಲು ಒಡಲಿನ ಮಾತು. ಆರಂಭದ ಸಂಚಿಕೆಗಳು ಎ4 ಅಳತೆಯವು, ತೆಳ್ಳಗಿವೆ, ನಡುವೆ ಪಿನ್ನು ಹೊಡೆದವು. ನಮ್ಮ ಕರಾವಳಿಯ ಗಾಳಿಗೆ ಈ ಪಿನ್ನು ತಾಳುವುದಿಲ್ಲ. ಕಂದು ಕಲೆ ನಡುಹಾಳೆಯಿಂದ ಹೊರಕ್ಕೆ ಹರಡಿ, ಕೊನೆಗೆ ಕಾಗದವೇ ಆ ಜಾಗದಲ್ಲಿ ತುಂಡಾಗುತ್ತದೆ. ಪ್ರತಿ ಪಿನ್ನನ್ನೂ ಚೂರಿಯ ತುದಿಯಿಂದ ಎಬ್ಬಿಸಿ ತೆಗೆದು, ಮಡಿಕೆಗೆ ತೆಳುಕಾಗದ ಅಂಟಿಸಿ, ನೂಲಿನಲ್ಲಿ ಹೊಲಿದೆ. ಅಂಟಿಗೆ ಮೈದಾ ಜೊತೆ ಮೈಲುತುತ್ತು ಹಾಕಿದ್ದೇನೆ, ಹುಳ ಬರುವುದಿಲ್ಲ. ಬಹಳ ನಂತರದ ಸಂಚಿಕೆಗಳು ಅಳತೆಯಲ್ಲಿ ಚಿಕ್ಕದಾಗಿ, ಪುಟದಲ್ಲಿ ದಪ್ಪವಾಗಿ, ಬೆನ್ನಿಗೆ ಅಂಟು ಹಾಕಿ ಬಂದಿವೆ. ಕಪಾಟಿನಲ್ಲಿ ಚೆಂದ ನಿಲ್ಲುತ್ತವೆ. ಆದರೆ ಪೂರ್ತಿ ಬಿಡಿಸಿದರೆ ಬೆನ್ನು ಸೀಳುತ್ತದೆ. ಎರಡು ಬಗೆಯಲ್ಲಿ ನನಗೆ ಮೆಚ್ಚುಗೆ ಹಳೆಯದರ ಮೇಲೆಯೇ. ಮಡಿಚಿದ ಹಾಳೆಯನ್ನು ಎಷ್ಟು ಸಲ ಬೇಕಾದರೂ ಹೊಸದಾಗಿ ಹೊಲಿಯಬಹುದು.

ಈ ತೆಳುವಾದ ಪುಸ್ತಿಕೆಯ ಹುಟ್ಟಿನ ಕಥೆ ನನಗೆ ಬಹಳ ಹಿಡಿಸಿತು. 1981ರಲ್ಲಿ ಲೀಡ್ಸ್ ನಗರದಲ್ಲಿ ವಿಜ್ಞಾನ ಕಥೆಯ ಅಭಿಮಾನಿಗಳ ಸಮ್ಮೇಳನ ನಡೆದು, ಖರ್ಚು ಕಳೆದು ಸ್ವಲ್ಪ ಹಣ ಉಳಿಯಿತು. ಬ್ರಿಟನ್ನಿನಲ್ಲಿ ಆಗ ಇಂಥ ಕಥೆಗಳಿಗೆ ನೆಚ್ಚಿಕೊಳ್ಳಬಹುದಾದ ಪತ್ರಿಕೆ ಒಂದೂ ಇರಲಿಲ್ಲ. ಉಳಿದ ಹಣಕ್ಕೆ ಚಂದಾ ಸೇರಿಸಿ ಪತ್ರಿಕೆ ತೆಗೆದವರು ಎಂಟು ಮಂದಿ: ಜಾನ್ ಕ್ಲೂಟ್, ಅಲನ್ ಡೋರಿ, ಮಾಲ್ಕಮ್ ಎಡ್ವರ್ಡ್ಸ್, ಕಾಲಿನ್ ಗ್ರೀನ್‌ಲ್ಯಾಂಡ್, ಗ್ರಹಾಂ ಜೇಮ್ಸ್, ರಾಜ್ ಕೇವ್ನಿ, ಸೈಮನ್ ಔನ್ಸ್‌ಲಿ, ಡೇವಿಡ್ ಪ್ರಿಂಗಲ್. ಎಂಟು ಜನ ಸೇರಿ ಕಥೆ ಆರಿಸುವುದು ಸುಲಭವಲ್ಲ. ನಮ್ಮಲ್ಲಿ ಧಾರವಾಡದ ‘ಸಂಕ್ರಮಣ’ವನ್ನು 1964ರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರು ಕೂಡಿ ಶುರುಮಾಡಿದ್ದನ್ನು ಬಲ್ಲವರಿಗೆ ಅಲ್ಲಿನ ಬಿಸಿ ಊಹೆಗೆ ನಿಲುಕುತ್ತದೆ. ಒಬ್ಬೊಬ್ಬರಾಗಿ ಕಳಚಿಕೊಂಡು 1988ರ ಹೊತ್ತಿಗೆ ಪ್ರಿಂಗಲ್ ಒಬ್ಬರೇ ಉಳಿದರು.

ಮೊದಲ ಸಂಚಿಕೆಯಲ್ಲೇ ಏಂಜೆಲಾ ಕಾರ್ಟರ್, ಎಂ. ಜಾನ್ ಹ್ಯಾರಿಸನ್, ಕೀತ್ ರಾಬರ್ಟ್ಸ್, ಜಾನ್ ಸ್ಲಾಡೆಕ್, ಮೈಕಲ್ ಮೂರ್‌ಕಾಕ್ ಇದ್ದಾರೆ. ದೊಡ್ಡ ಹೆಸರುಗಳು ನಿಜ. ಆದರೂ ಮೊದಲ ಎರಡು ವರ್ಷದ ಕಥೆಗಳು ನನಗೆ ಕಷ್ಟವಾದವು. ಮಳೆ, ಹಾಳುಬಿದ್ದ ಊರು, ಏನನ್ನೂ ಬಿಚ್ಚಿ ಹೇಳದ ಕೊನೆ. ವೇಷ ರಂಗಸ್ಥಳಕ್ಕೆ ಬಂದು ಕುಣಿದು, ಅರ್ಥ ಹೇಳದೆಯೇ ಚೌಕಿಗೆ ಮರಳಿದ ಹಾಗೆ. ಬರೆದವರ ಕಸುಬಿನಲ್ಲಿ ಕೊರತೆಯಿಲ್ಲ. ಆದರೆ ಒಂದೇ ಬಗೆಯ ಮಂಕು ಸಂಚಿಕೆಯಿಂದ ಸಂಚಿಕೆಗೆ ಮುಂದುವರಿದರೆ ಓದುಗ ಸೋಲುತ್ತಾನೆ. ಇದು ಸಂಪಾದಕರಿಗೂ ತಿಳಿದಿರಬೇಕು. 1984ರ ಎಂಟನೆಯ ಸಂಚಿಕೆಯ ಸಂಪಾದಕೀಯದಲ್ಲಿ, ವಿಜ್ಞಾನವನ್ನು ಗಟ್ಟಿಯಾಗಿ ಹಿಡಿದೂ ಹೊಸ ದಾರಿ ತುಳಿಯುವ ಕಥೆ ಕೊಡಿ ಎಂದು ಲೇಖಕರನ್ನು ಕೇಳಿದರು. ಕೇಳಿದ್ದು ದಕ್ಕಿತು. ಸ್ಟೀಫನ್ ಬ್ಯಾಕ್ಸ್‌ಟರ್ ಅವರ ಮೊದಲ ಕಥೆ 1987ರಲ್ಲಿ ಇಲ್ಲಿಯೇ ಬಂತು. ಚಾರ್ಲ್ಸ್ ಸ್ಟ್ರಾಸ್ ಕೂಡ ಅದೇ ವರ್ಷ ಇಲ್ಲಿ ಅಚ್ಚಾದರು. ಸಂಪಾದಕ ತನ್ನ ಪತ್ರಿಕೆಯ ಕೊರತೆಯನ್ನು ಪತ್ರಿಕೆಯಲ್ಲೇ ಒಪ್ಪಿ, ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದು ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ನೋಡಿಲ್ಲ.

ನನ್ನ ಪ್ರಕಾರ ಪತ್ರಿಕೆಯ ಅತ್ಯುತ್ತಮ ಕಾಲ 1990ರ ದಶಕದ ಮೊದಲರ್ಧ. ತ್ರೈಮಾಸಿಕವಾಗಿದ್ದದ್ದು 1988ರಲ್ಲಿ ದ್ವೈಮಾಸಿಕವಾಗಿ, 1990ರಲ್ಲಿ ಮಾಸಿಕವಾಯಿತು. ಬ್ರೈಟನ್ ಊರಿನಲ್ಲಿ ಕುಳಿತು ಪ್ರಿಂಗಲ್ ತಿಂಗಳಿಗೊಂದು ಸಂಚಿಕೆ ಹೊರಡಿಸಿದ ಆ ಶ್ರಮ ಅಚ್ಚಿನ ಕೆಲಸ ಗೊತ್ತಿರುವವರಿಗೆ ಅರ್ಥವಾದೀತು. ಅದೇ 1990ರ ಜುಲೈ ಸಂಚಿಕೆಯಲ್ಲಿ ಆಸ್ಟ್ರೇಲಿಯಾದ ಗ್ರೆಗ್ ಈಗನ್ ಅವರ ಒಂದು ಕಥೆಯಿದೆ. ಮಗುವಿನ ತಲೆಯೊಳಗೆ ಒಂದು ಸಣ್ಣ ಯಂತ್ರ ಇಡುತ್ತಾರೆ. ಅದು ಮೆದುಳು ಯೋಚಿಸುವ ರೀತಿಯನ್ನೆಲ್ಲ ವರ್ಷಗಟ್ಟಲೆ ನೋಡಿ ಕಲಿಯುತ್ತದೆ. ಮುಂದೊಂದು ದಿನ ಮೆದುಳನ್ನೇ ತೆಗೆದು ಯಂತ್ರಕ್ಕೆ ಅಧಿಕಾರ ಕೊಡಬೇಕು. ಆಗ ‘ನಾನು’ ಎನ್ನುವವರು ಯಾರು? ಕೊನೆಯನ್ನು ಹೇಳುವುದಿಲ್ಲ. ಕೈಯಲ್ಲಿ ಸೂಜಿ ಹಿಡಿದುಕೊಂಡೇ ಓದಿ ಮುಗಿಸಿದೆ, ಆ ದಿನ ಮತ್ತೆ ಹೊಲಿಗೆ ಸಾಗಲಿಲ್ಲ. 1995ರಲ್ಲಿ ಗ್ಲಾಸ್ಗೋದಲ್ಲಿ ನಡೆದ ವಿಶ್ವ ವಿಜ್ಞಾನ ಕಥಾ ಸಮ್ಮೇಳನದಲ್ಲಿ ‘ಇಂಟರ್‌ಝೋನ್’ಗೆ ಅರೆವೃತ್ತಿಪರ ಪತ್ರಿಕೆಗಳ ಹ್ಯೂಗೋ ಪ್ರಶಸ್ತಿ ಬಂತು. ಬರಬೇಕಾದದ್ದೇ.

ಕಥೆಗಳಷ್ಟೇ ಅಲ್ಲ, ಅಂಕಣಗಳೂ ಇಲ್ಲಿ ಗಟ್ಟಿ. ಡೇವಿಡ್ ಲ್ಯಾಂಗ್‌ಫರ್ಡ್ ಅವರ ಸುದ್ದಿ ಅಂಕಣ, ನಿಕ್ ಲೋ ಅವರ ಚಲನಚಿತ್ರ ವಿಮರ್ಶೆ ಸಂಪಾದಕರು ಬದಲಾದರೂ ದಶಕಗಳ ಕಾಲ ನಡೆದವು. ನಾನು ನೋಡದ ಚಿತ್ರಗಳ ಬಗ್ಗೆಯೂ ನಿಕ್ ಲೋ ಅವರನ್ನು ಬಿಡದೆ ಓದಿದೆ.

2004ರಲ್ಲಿ ಪ್ರಿಂಗಲ್ ಬಿಟ್ಟರು. 193ನೆಯ ಸಂಚಿಕೆ ಅವರದು, 194 ಆಂಡಿ ಕಾಕ್ಸ್ ಅವರದು. ಕಾಕ್ಸ್ ಅದಾಗಲೇ ತಮ್ಮದೊಂದು ಸಣ್ಣ ಪ್ರಕಾಶನದಿಂದ ಬೇರೊಂದು ಕಥಾಪತ್ರಿಕೆ ನಡೆಸುತ್ತಿದ್ದರು, ಚಿತ್ರ ಮತ್ತು ಪುಟವಿನ್ಯಾಸದ ಮೇಲೆ ಅವರಿಗೆ ಪ್ರೀತಿ. ಆ ಎರಡು ಸಂಚಿಕೆಗಳನ್ನು ಅಕ್ಕಪಕ್ಕ ಇಟ್ಟರೆ ಬೇರೆ ಬೇರೆ ಪತ್ರಿಕೆಗಳೆನಿಸುತ್ತವೆ. ಆದರೂ ಹಳೆಯ ಅಂಕಣಕಾರರು ಉಳಿದರು, ಹೊಸಬರನ್ನು ಹುಡುಕುವ ಚಟವೂ ಉಳಿಯಿತು. ಆಲಿಯೆಟ್ ಡಿ ಬೊಡಾರ್ ಅವರ ಕಥೆ 2010ರಲ್ಲಿ ಇಲ್ಲಿ ಬಂದು ಬ್ರಿಟಿಷ್ ವಿಜ್ಞಾನ ಕಥಾ ಸಂಘದ ಪ್ರಶಸ್ತಿ ಪಡೆಯಿತು. ಕಾಕ್ಸ್ ಹದಿನೆಂಟು ವರ್ಷ ಹೊತ್ತು 2022ರಲ್ಲಿ ಕೆಳಗಿಳಿಸಿದರು. 2023ರ ಆರಂಭದ 294ನೆಯ ಸಂಚಿಕೆಯಿಂದ ಗರೆತ್ ಜೆಲ್ಲಿ ಸಂಪಾದಕರು. ಈಗ ಅದು ಇ-ಪತ್ರಿಕೆ.

ಇಲ್ಲಿ ನನ್ನ ದೂರು. ಬೈಂಡಿಂಗ್ ಮಾಡುವವಳಾದ್ದರಿಂದ ಹೇಳುತ್ತಿರುವುದಲ್ಲ, ಓದುಗಳಾಗಿ ಹೇಳುತ್ತಿದ್ದೇನೆ. ಮೊಬೈಲ್ ಪರದೆಯಲ್ಲಿ ಕಥೆ ಓದಬಹುದು, ಆದರೆ ಈ ಪತ್ರಿಕೆಯ ಅರ್ಧ ಸೊಗಸು ಚಿತ್ರ ಮತ್ತು ಕಥೆ ಎದುರುಬದುರಾಗಿ ಕೂರುವುದರಲ್ಲಿತ್ತು, ಅದು ಪರದೆಯಲ್ಲಿ ಸಿಗದು. ಒಳ್ಳೆಯದೂ ಇದೆ. ಕಡಲಾಚೆಯಿಂದ ಹಳೆಯ ಸಂಚಿಕೆ ತರಿಸಲು ಹೋಗಿ, ಕೊರಿಯರ್‌ನವರು ಆಟಿಯ ಮಳೆಯಲ್ಲಿ ಕಟ್ಟನ್ನು ನೆನೆಸಿ ಕೊಟ್ಟದ್ದನ್ನು ಕಂಡವಳು ನಾನು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಲಾಗದೆ ಹೋದವು. ಇ-ಪತ್ರಿಕೆಗೆ ಆ ಭಯವಿಲ್ಲ, ಅಂಚೆ ವೆಚ್ಚವೂ ಇಲ್ಲ. ಉಡುಪಿಯ ಕಾಲೇಜು ಹುಡುಗಿಯೂ ಬ್ರೈಟನ್ನಿನ ಓದುಗನೂ ಒಂದೇ ದಿನ ಓದಬಹುದು.

ನಮ್ಮ ಸಣ್ಣ ಪತ್ರಿಕೆಗಳ ನೆನಪು ಕೆಲಸದುದ್ದಕ್ಕೂ ಕಾಡಿತು. ಇದೇ ಊರಿನ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದ ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ಯನ್ನೂ ವಿವೇಕ ಶಾನಭಾಗರ ‘ದೇಶ ಕಾಲ’ವನ್ನೂ ನಾನು ಕಟ್ಟಿದ್ದೇನೆ. ಗುಣದಲ್ಲಿ ಅವು ಯಾವುದಕ್ಕೂ ಕಡಿಮೆಯಲ್ಲ. ಆದರೆ ಮುಂದಿನ ಸಂಖ್ಯೆಯನ್ನು ಹಾಕಲು ಇನ್ನೊಬ್ಬ ಸಂಪಾದಕ ಬರಲಿಲ್ಲ. ಬ್ರಿಟನ್ನಿನವರು ಹೆಚ್ಚು ಪ್ರತಿಭಾವಂತರೆಂದು ಇದರ ಅರ್ಥವಲ್ಲ. ಅವರು ಬಿಡುವ ಮೊದಲು ತೆಗೆದುಕೊಳ್ಳುವವರನ್ನು ಹುಡುಕಿದರು, ತೆಗೆದುಕೊಂಡವರು ಹೆಸರನ್ನೂ ಸಂಖ್ಯೆಯನ್ನೂ ಮುಟ್ಟಲಿಲ್ಲ. ಕನ್ನಡದಲ್ಲಿ ಇಂದು ಪತ್ರಿಕೆ ನಡೆಸುತ್ತಿರುವ ಯುವಕರು ಕಥೆಗಳಿಗಿಂತ ಮೊದಲು ಈ ಕೊಡುಕೊಳ್ಳುವಿಕೆಯನ್ನು ಓದಬೇಕು.

ಕೊಳ್ಳುವವರಿಗೆ: ಹೊಸಬರು 1990ರಿಂದ 1995ರ ನಡುವಿನ ಯಾವುದಾದರೂ ಸಂಚಿಕೆಯಿಂದ ಶುರುಮಾಡಿ. ಅದು ಹಿಡಿಸಿದರೆ ಆಂಡಿ ಕಾಕ್ಸ್ ಕಾಲದ ಬಣ್ಣದ ಸಂಚಿಕೆಗಳಿಗೆ ಬನ್ನಿ. ಈಗಿನ ಇ-ಸಂಚಿಕೆಗೆ ಚಂದಾ ಕೊಡುವುದು ಒಳ್ಳೆಯದು, ಹೊಸ ಲೇಖಕರಿಗೆ ಸಂಭಾವನೆ ಹೋಗುವುದು ಆ ಹಣದಿಂದಲೇ. 1982–84ರ ಸಂಚಿಕೆಗಳನ್ನು ಸಂಗ್ರಹಕಾರರು ಕೊಳ್ಳಲಿ, ಉಳಿದವರು ಕೊನೆಗೆ ಓದಲಿ.